ಹಳೆಯ ಪೇಟೆಯ ಋಣ

ಶ್ರೀಮಠದ ಪ್ರಸಾದನಿಲಯದಲ್ಲಿದ್ದು ಓದಿದವರಿಗೆಲ್ಲ ಸಂತೆಯ ದಿನದ ನೆನಪು ಇದ್ದೇ ಇರುತ್ತದೆ. ಸರದಿಯಂತೆ ಇಬ್ಬರು ಹುಡುಗರು ಅಡುಗೆಯ ಹಿರಿಯರೊಡನೆ ಚೀಲ ಹಿಡಿದು ಹೊರಡಬೇಕಾಗಿತ್ತು. ಒಮ್ಮೆ ನಾನು ಬದನೆಕಾಯಿ ಮಾರುವ ಮುದುಕಿಯೊಡನೆ ನಾಲ್ಕಾಣೆಗಾಗಿ ಬಹಳ ಹೊತ್ತು ಚೌಕಾಸಿ ಮಾಡಿದೆ. ಹಿರಿಯರು ನನ್ನನ್ನು ಪಕ್ಕಕ್ಕೆ ಕರೆದು, “ತಮ್ಮಾ, ಕೊಳ್ಳುವಾಗ ನಮ್ಮ ಒಲೆಯನ್ನಷ್ಟೇ ನೆನೆದರೆ ಸಾಲದು, ಮಾರುವವರ ಮನೆಯಲ್ಲಿಯೂ ಒಂದು ಒಲೆ ಉರಿಯಬೇಕು” ಎಂದರು. ಆ ಮಾತಿನ ಪೂರ್ಣಾರ್ಥ ನನಗೆ ಹೊಳೆದದ್ದು ಅರ್ಧ ಶತಮಾನಕ್ಕೂ ಮಿಗಿಲಾದ ಕಾಲ ಕಳೆದ ಮೇಲೆ, ಬೆಂಗಳೂರಿನ ಶಿವಾಜಿನಗರದ ಹಣ್ಣಿನಂಗಡಿಯೊಂದರ ಮುಂದೆ ನಿಂತಾಗ.

ಅಧ್ಯಾಪಕ ವೃತ್ತಿಯ ನಿಮಿತ್ತ ಬೆಂಗಳೂರಿಗೆ ಬಂದ ನಾನು 1970ರ ದಶಕದ ಕೊನೆಯಲ್ಲಿ ಇಂದಿರಾನಗರದಲ್ಲಿ ಮನೆ ಮಾಡಿದೆ. ಆಗ ಅದು ಹೊಸ ಬಡಾವಣೆ. ಮನೆಗಳಿಗಿಂತ ಖಾಲಿ ನಿವೇಶನಗಳೇ ಹೆಚ್ಚು, ಅಂಗಡಿಗಳೋ ಬೆರಳೆಣಿಕೆಯಷ್ಟು. ಆದುದರಿಂದ ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿ ಶಿವಾಜಿನಗರದಲ್ಲಿಳಿದು, ರಸೆಲ್ ಮಾರುಕಟ್ಟೆಯಲ್ಲಿ ವಾರಕ್ಕೆ ಬೇಕಾದ ಹಣ್ಣು ತರಕಾರಿಗಳನ್ನು ಕೊಂಡು ತರುವುದು ನಮ್ಮ ಮನೆಯ ನಿಯಮವಾಗಿತ್ತು.

ಆ ಪೇಟೆಯ ಪೂರ್ವವೃತ್ತಾಂತ ಅರಿಯತಕ್ಕದ್ದಾಗಿದೆ. 1809ರಲ್ಲಿ ಬ್ರಿಟಿಷರು ಶ್ರೀರಂಗಪಟ್ಟಣದ ಸೈನ್ಯವನ್ನು ಬೆಂಗಳೂರಿಗೆ ತಂದು ದಂಡುಪ್ರದೇಶವನ್ನು ಸ್ಥಾಪಿಸಿದರು. ದಂಡಿಗೆ ಧಾನ್ಯ, ಮಾಂಸ, ಬಟ್ಟೆ, ಕೂಲಿ ಒದಗಿಸುವವರು ಸುತ್ತಲೂ ಬಂದು ನೆಲಸಿದರು. ಹಿಂದೆ ಬ್ಲ್ಯಾಕ್‌ಪಳ್ಳಿಯೆಂದು ಕರೆಯಲ್ಪಡುತ್ತಿದ್ದ ಇಂದಿನ ಶಿವಾಜಿನಗರ ಹೀಗೆ ಬೆಳೆದದ್ದು. ಸೈನಿಕರ ಬೀದಿಗಳು ಅಗಲವಾದವು. ಅವರಿಗೆ ದುಡಿಯುವವರ ಕೇರಿಗಳು ಇಕ್ಕಟ್ಟಾದವು. 1898ರಲ್ಲಿ ಪ್ಲೇಗ್ ಮಾರಿ ಬಡಿದ ಮೇಲೆ ಜನಸಂದಣಿಯನ್ನು ತಗ್ಗಿಸಲೆಂದು ಫ್ರೇಜರ್ ಟೌನಿನಂತಹ ಹೊಸ ಬಡಾವಣೆಗಳನ್ನು ನಿರ್ಮಿಸಲಾಯಿತು. ಹೊಸದು ಹುಟ್ಟಿತು, ಹಳೆಯದರ ಇಕ್ಕಟ್ಟು ಮಾತ್ರ ಕರಗಲಿಲ್ಲ. 1927ರಲ್ಲಿ ಕಟ್ಟಲ್ಪಟ್ಟು 1933ರಲ್ಲಿ ಉದ್ಘಾಟನೆಗೊಂಡ ರಸೆಲ್ ಮಾರುಕಟ್ಟೆಗೆ ಅಂದಿನ ಪುರಸಭೆಯ ಕಮಿಷನರರ ಹೆಸರನ್ನಿಟ್ಟರು. 1949ರಲ್ಲಿ ದಂಡು ಮತ್ತು ನಗರಗಳೆರಡೂ ಒಂದೇ ಕಾರ್ಪೊರೇಷನ್ನಿನ ಆಡಳಿತಕ್ಕೊಳಪಟ್ಟವು.

ಆ ಮಾರುಕಟ್ಟೆಯಲ್ಲಿ ನನಗೊಬ್ಬ ಹಣ್ಣಿನ ಸಾಹೇಬರ ಪರಿಚಯವಾಯಿತು. ನನ್ನನ್ನು ‘ಮೇಷ್ಟ್ರೇ’ ಎಂದೇ ಕರೆಯುತ್ತಿದ್ದರು. ಒಂದು ವರ್ಷ ನನ್ನ ಧರ್ಮಪತ್ನಿ ಸಮೀಪದ ಆಸ್ಪತ್ರೆಯೊಂದರಲ್ಲಿ ಮೂರು ವಾರ ಮಲಗಬೇಕಾಯಿತು. ತಿಂಗಳ ಕೊನೆ, ಕೈಯಲ್ಲಿ ಕಾಸಿಲ್ಲ. ವಿಷಯ ತಿಳಿದ ಸಾಹೇಬರು ದಿನವೂ ತಮ್ಮ ಹುಡುಗನ ಕೈಯಲ್ಲಿ ಮೂಸಂಬಿಯ ಪೊಟ್ಟಣವನ್ನು ಕಳಿಸಿದರು. ಸಂಬಳ ಬಂದೊಡನೆ ಲೆಕ್ಕ ಕೇಳಹೋದರೆ, “ಕಾಯಿಲೆಯವರ ಹಣ್ಣಿಗೆ ಲೆಕ್ಕ ಬರೆಯುವ ಪದ್ಧತಿ ನಮ್ಮಲ್ಲಿಲ್ಲ ಮೇಷ್ಟ್ರೇ” ಎಂದು ಕೈಮುಗಿದರು. ಆ ಋಣ ನನ್ನಲ್ಲಿಯೇ ಉಳಿಯಿತು.

ಇನ್ನು ಹೇಳಬೇಕಾದದ್ದು ನನ್ನ ತಪ್ಪನ್ನು. ಇಂದಿರಾನಗರದಲ್ಲಿ ಅಂಗಡಿಗಳು ಬೆಳೆದವು. ನಮ್ಮ ಮನೆಗೆ ಕಾರು ಬಂದಿತು. ಶಿವಾಜಿನಗರದಲ್ಲಿ ಅದನ್ನು ನಿಲ್ಲಿಸಲು ಸ್ಥಳವಿರಲಿಲ್ಲ. ಕೆಸರು, ಕಸ, ನೂಕುನುಗ್ಗಲು ಎಂದು ಮಕ್ಕಳು ಮೂಗು ಮುರಿದರು. ವಾರದ ಭೇಟಿ ತಿಂಗಳಿಗೊಮ್ಮೆಯಾಯಿತು, ಆಮೇಲೆ ಹಬ್ಬಕ್ಕೊಮ್ಮೆ, ಕೊನೆಗೆ ನಿಂತೇಹೋಯಿತು. 2012ರ ಫೆಬ್ರವರಿ 25ರ ನಸುಕಿನಲ್ಲಿ ಮಾರುಕಟ್ಟೆಗೆ ಬೆಂಕಿ ಬಿದ್ದು 100ಕ್ಕೂ ಹೆಚ್ಚು ಅಂಗಡಿಗಳು ಸುಟ್ಟುಹೋದ ವಾರ್ತೆಯನ್ನು ಪತ್ರಿಕೆಯಲ್ಲಿ ಓದಿ ನಿಟ್ಟುಸಿರಿಟ್ಟೆ. ನಾಳೆ ಹೋಗಿ ವಿಚಾರಿಸೋಣವೆಂದುಕೊಂಡೆ. ಆ ನಾಳೆ ಬರಲಿಲ್ಲ.

ಇಂತಹ ಬೆಂಕಿ ಒಮ್ಮೊಮ್ಮೆ ಪೇಟೆಯ ಚರಮಗೀತೆಯೇ ಆಗುವುದುಂಟು. ಮದರಾಸಿನ ಪ್ರಸಿದ್ಧ ಮೂರ್ ಮಾರುಕಟ್ಟೆ 1985ರಲ್ಲಿ ಸುಟ್ಟುಹೋದ ಮೇಲೆ ಆ ಸ್ಥಳದಲ್ಲಿ ರೈಲ್ವೆಯ ಕಟ್ಟಡವೆದ್ದಿತು. ವ್ಯಾಪಾರಿಗಳು ಬೇರೆಡೆಗೆ ಹೋಗಬೇಕಾಯಿತು. ರಸೆಲ್ ಮಾರುಕಟ್ಟೆಗೆ ಆ ಗತಿ ಬರಲಿಲ್ಲ. ಹಳೆಯ ಗೋಡೆಗಳು ನಿಂತವು. ವ್ಯಾಪಾರಿಗಳು ಮಸಿ ತೊಳೆದು ಮತ್ತೆ ತಕ್ಕಡಿ ಹಿಡಿದರು.

ಕಳೆದ ಕಾರ್ತಿಕದಲ್ಲಿ ಏಕೋ ಮನಸ್ಸು ತಡೆಯಲಿಲ್ಲ. ಇಂದಿರಾನಗರದಿಂದ ಮೆಟ್ರೋ ರೈಲಿನಲ್ಲಿ ಮಹಾತ್ಮಾ ಗಾಂಧಿ ರಸ್ತೆಗೆ ಬಂದು, ಅಲ್ಲಿಂದ ಕಮರ್ಷಿಯಲ್ ಸ್ಟ್ರೀಟಿನ ಮಾರ್ಗವಾಗಿ ಊರುಗೋಲಿನ ಆಸರೆಯಲ್ಲಿ ನಡೆದೆ. 2021ರಲ್ಲಿ ನವೀಕರಿಸಿದ ಬೀದಿ ಅದು. ಹಾಸಿದ ಕಲ್ಲುಗಳು ಕೆಲವೇ ದಿನಗಳಲ್ಲಿ ಕದಲಿ ಮತ್ತೆ ದುರಸ್ತಿ ಮಾಡಿಸಬೇಕಾಯಿತೆಂಬುದನ್ನು ಬಲ್ಲವರು ಬಲ್ಲರು. ಮಾರುಕಟ್ಟೆಯನ್ನು ಹೊಕ್ಕು ಅದೇ ಮೂಲೆಗೆ ಹೋದಾಗ, ಅಂದು ಮೂಸಂಬಿ ತರುತ್ತಿದ್ದ ಹುಡುಗ ನರೆತ ಗಡ್ಡದೊಡನೆ ಗದ್ದಿಗೆಯ ಮೇಲೆ ಕುಳಿತಿದ್ದರು. ಕ್ಷಣಕಾಲ ದಿಟ್ಟಿಸಿ ನೋಡಿ, “ಮೇಷ್ಟ್ರಲ್ಲವೇ? ಎಷ್ಟು ವರ್ಷವಾಯಿತು! ಊರು ಬಿಟ್ಟು ಹೋಗಿದ್ದಿರಾ ಸಾರ್?” ಎಂದರು.

ನಾನು ಊರು ಬಿಟ್ಟಿರಲಿಲ್ಲ. ಐದಾರು ಕಿಲೋಮೀಟರಿನಾಚೆ, ಅದೇ ಮನೆಯಲ್ಲಿದ್ದೆ. ಉತ್ತರ ಬಾಯಿಗೆ ಬರಲಿಲ್ಲ. ಸಾಹೇಬರು ತೀರಿಕೊಂಡು ಕೆಲವು ವರ್ಷಗಳಾಗಿದ್ದವು. “ಬೆಂಕಿ ಬಿದ್ದಾಗ ಹಳೆಯ ಗಿರಾಕಿಗಳು ಕೆಲವರು ಬಂದು ನೋಡಿಕೊಂಡು ಹೋದರು. ಅಬ್ಬಾ ನಿಮ್ಮನ್ನೂ ನೆನೆಸಿಕೊಂಡಿದ್ದರು” ಎಂದು ಮಗ ಹೇಳಿದರು. ಆ ಮಾತಿನಲ್ಲಿ ಆಕ್ಷೇಪವಿರಲಿಲ್ಲ. ಇದ್ದಿದ್ದರೆ ನನಗೆ ಸಮಾಧಾನವಾಗುತ್ತಿತ್ತೋ ಏನೋ.

ಪೇಟೆಯ ಸುಧಾರಣೆಯ ಬಗೆಗೆ ಅವರ ಅಭಿಪ್ರಾಯ ಕೇಳಿದೆ. “ಚೆನ್ನಾಗಿ ಕಟ್ಟಲಿ ಸಾರ್, ಬೇಡವೆನ್ನುವುದಿಲ್ಲ. ಚರಂಡಿ ಬೇಕು, ಕಕ್ಕಸು ಬೇಕು, ವೈರುಗಳು ಸರಿಯಾಗಬೇಕು. ಬೆಂಕಿಯನ್ನು ಕಂಡವರು ನಾವು. ಆದರೆ ಒಂದು ಕಡೆ ಕೆಲಸ ನಡೆಯುವಾಗ ಇನ್ನೊಂದು ಕಡೆ ಕುಳಿತು ಮಾರಲು ಬಿಡಲಿ. ಆರು ತಿಂಗಳು ಅಂಗಡಿ ಮುಚ್ಚಿದರೆ ಗಿರಾಕಿ ಬೇರೆ ದಾರಿ ಕಲಿತುಬಿಡುತ್ತಾನೆ” ಎಂದರು. ಅಂಗಡಿ ತೆರೆದಿರುವಾಗಲೇ ಬೇರೆ ದಾರಿ ಕಲಿತವನ ಎದುರಿಗೆ ಅವರು ಈ ಮಾತನ್ನಾಡುತ್ತಿದ್ದರು.

ಸೊರಗಿದ ಪೇಟೆಯನ್ನು ಮತ್ತೆ ಚಿಗುರಿಸುವ ಕಾರ್ಯದ ಕಷ್ಟವೆಲ್ಲವೂ ಆ ಒಂದು ಮಾತಿನಲ್ಲಿದೆಯೆಂದು ನನಗೆ ತೋರುತ್ತದೆ. ನೀಲನಕ್ಷೆ ಬರೆಯುವವರು ಕಟ್ಟಡವನ್ನು ಅಳೆಯುತ್ತಾರೆ. ದಿನದ ಗಳಿಕೆಯಿಂದ ದಿನದ ಅನ್ನ ಬೇಯಿಸುವವರು ಕಾಮಗಾರಿ ಮುಗಿಯುವವರೆಗೆ ಹೇಗೆ ಬದುಕಬೇಕೆಂಬುದಕ್ಕೆ ನಕ್ಷೆಯಲ್ಲಿ ಸ್ಥಳವಿರುವುದಿಲ್ಲ. ಕಾಮಗಾರಿ ಮುಗಿದು ಬೀದಿ ಸುಂದರವಾದರೆ ಬಾಡಿಗೆ ಏರುತ್ತದೆ. ಬಾಡಿಗೆ ಏರಿದರೆ ಬಡವ್ಯಾಪಾರಿ ತಾನಾಗಿಯೇ ಜಾಗ ಬಿಡುತ್ತಾನೆ. ಬಾಡಿಗೆಯ ಏರಿಕೆಯು ಒಂದು ನೆರೆಹೊರೆಯನ್ನು ಹೇಗೆ ಮಾರ್ಪಡಿಸುತ್ತದೆಂಬುದನ್ನು ಇಂದಿರಾನಗರದ ನಮ್ಮ ಬೀದಿಯಲ್ಲಿಯೇ ಕಂಡಿದ್ದೇನೆ: ಹಳೆಯ ನೆರೆಯವರ ಮನೆಗಳೆಲ್ಲ ಒಂದೊಂದಾಗಿ ಮಳಿಗೆಗಳಾದವು. ಬೀದಿಬದಿಯ ವ್ಯಾಪಾರಿಗಳ ಜೀವನೋಪಾಯವನ್ನು ರಕ್ಷಿಸುವ ಕಾಯಿದೆ 2014ರಲ್ಲಿ ಬಂದಿದೆ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ 40 ಪ್ರತಿಶತ ಸದಸ್ಯರು ವ್ಯಾಪಾರಿಗಳೇ ಆಗಿರಬೇಕೆಂದು ಅದು ವಿಧಿಸುತ್ತದೆ. ಈ ವಿಧಿಯ ಆಶಯ ಸರಿಯಾದದ್ದು. ಪೇಟೆಯ ಭವಿಷ್ಯವನ್ನು ನಿರ್ಣಯಿಸುವ ಸಭೆಯಲ್ಲಿ ತಕ್ಕಡಿ ಹಿಡಿದವರು ಕೂಡ ಕುಳಿತಿರಬೇಕು.

ಸರ್ಕಾರದ ಕರ್ತವ್ಯ ಇಷ್ಟಾದರೆ, ನಮ್ಮ ಪಾಲಿನದೂ ಉಂಟು. ಎಷ್ಟು ಸೊಗಸಾಗಿ ಕಟ್ಟಿದರೂ ಕೊಳ್ಳುವವರು ಬಾರದ ಪೇಟೆ ಬರಿಯ ಕಟ್ಟಡವಾಗಿ ನಿಲ್ಲುತ್ತದೆ. ಪೇಟೆ ಹಾಳಾಯಿತೆಂದು ಸಭೆಗಳಲ್ಲಿ ಮರುಗುವ ನಾವು, ನಮ್ಮ ಕಾಲುಗಳು ಆ ಕಡೆಗೆ ನಡೆಯುವುದನ್ನು ಎಂದು ನಿಲ್ಲಿಸಿದವೆಂದು ಕೇಳಿಕೊಳ್ಳುವುದಿಲ್ಲ. ಆ ಪ್ರಶ್ನೆಯನ್ನು ಕೇಳಿಕೊಳ್ಳಲು ನನಗೆ ಬಹಳ ವರ್ಷಗಳು ಬೇಕಾದವು.

ಅಂದು ಒಂದು ಡಜನ್ ಮೂಸಂಬಿ ಕೊಂಡು, ಕೇಳಿದ ಬೆಲೆಯನ್ನು ಕೊಟ್ಟು ಬಂದೆ. ಹಳೆಯ ಲೆಕ್ಕದ ಮಾತನ್ನೆತ್ತಲು ಹೋದರೆ, “ಅಬ್ಬಾ ಬರೆಯದ ಲೆಕ್ಕವನ್ನು ನಾನು ಹೇಗೆ ವಸೂಲು ಮಾಡಲಿ?” ಎಂದು ಮಗ ನಕ್ಕರು. ಈಗ ತಿಂಗಳಿಗೆರಡು ಬಾರಿ ಹೋಗುತ್ತೇನೆ. ಇದರಿಂದ ಪೇಟೆ ಉದ್ಧಾರವಾಗುವುದೆಂಬ ಭ್ರಮೆ ನನಗಿಲ್ಲ. ಒಂದು ಒಲೆಗೆ ಒಂದು ತುಂಡು ಸೌದೆ, ಅಷ್ಟೇ. ಸಂತೆಯಲ್ಲಿ ಹಿರಿಯರು ಹೇಳಿಕೊಟ್ಟ ಪಾಠವನ್ನು ತಡವಾಗಿಯಾದರೂ ಒಪ್ಪಿಸುತ್ತಿದ್ದೇನೆ.