ಎದುರಿನವರ ಕಣ್ಣು

ಇಪ್ಪತ್ತೆಂಟು ವರ್ಷಗಳಿಂದ ಹೈಸ್ಕೂಲು ಮಕ್ಕಳಿಗೆ ಬೆಳಕಿನ ಪಾಠ ಹೇಳುತ್ತ ಬಂದವನು ನಾನು. ‘ನಿಮ್ನ ದರ್ಪಣದ ಉಪಯೋಗವೇನು?’ ಎಂದು ಕೇಳಿದರೆ ಕೊನೆಯ ಬೆಂಚಿನಲ್ಲಿ ತೂಕಡಿಸುವ ಹುಡುಗನೂ ‘ವಾಹನಗಳ ಹೆಡ್‌ಲೈಟಿನಲ್ಲಿ ಬಳಸುತ್ತಾರೆ ಸಾರ್’ ಎಂದು ಥಟ್ಟನೆ ಹೇಳುತ್ತಾನೆ. ಎರಡು ಅಂಕದ ಪ್ರಶ್ನೆ. ಆದರೆ ಆ ಒಂದು ಸಾಲಿನ ಪೂರ್ತಿ ಅರ್ಥ ಈ ಮೇಷ್ಟರಿಗೇ ಆದದ್ದು ಐವತ್ತು ದಾಟಿದ ಮೇಲೆ. ಅದೂ ಒಬ್ಬರ ಕೈ ಮುರಿದ ಮೇಲೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೂ ಹೇಳುವುದೇ ಸರಿ ಅನ್ನಿಸಿದೆ.

ನನ್ನ ಮನೆ ಇರುವುದು ತಿಪಟೂರಿನಲ್ಲಿ. ಶಾಲೆ ಹದಿನೆಂಟು ಕಿಲೋಮೀಟರ್ ಆಚೆಯ ಹಳ್ಳಿಯಲ್ಲಿ. ದಾರಿಯುದ್ದಕ್ಕೂ ಎರಡೂ ಕಡೆ ತೆಂಗಿನ ತೋಟ, ನಡುವೆ ಒಂದು ಉದ್ದನೆಯ ಕೆರೆ ಏರಿ. ಕಾರ್ತಿಕ ಮಾಸ ಬಂತೆಂದರೆ ಹತ್ತನೆಯ ತರಗತಿಯ ವಿಶೇಷ ತರಗತಿ ಮುಗಿಸಿ ಹೊರಡುವ ಹೊತ್ತಿಗೆ ತೋಟಗಳ ನಡುವೆ ಕಗ್ಗತ್ತಲೆ. 2011ರಲ್ಲಿ ಕೊಂಡ ನನ್ನ ಸಣ್ಣ ಕಾರಿನ ಹೆಡ್‌ಲೈಟು ಆ ಕತ್ತಲಿಗೆ ಹೆದರಿದಂತೆ ಮಿಣಮಿಣ ಎನ್ನುತ್ತಿತ್ತು. ರಸ್ತೆಯ ಗುಂಡಿ ಕಾಣುತ್ತಿದ್ದುದು ಚಕ್ರ ಅದರೊಳಕ್ಕೆ ಇಳಿದ ಮೇಲೆಯೇ.

ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗ ದೀಪಾವಳಿಗೆ ಬಂದವನು ಒಂದು ಸಂಜೆ ನನ್ನ ಪಕ್ಕದಲ್ಲಿ ಕುಳಿತು ಬಂದ. ‘ಏನಪ್ಪಾ ಇದು, ಸೀಮೆಎಣ್ಣೆ ಬುಡ್ಡಿ ಹಿಡ್ಕೊಂಡು ಹೋದ ಹಾಗಿದೆ. ಈ ಹ್ಯಾಲೊಜೆನ್ ಕಿತ್ತು ಎಲ್‌ಇಡಿ ಬಲ್ಬು ಹಾಕಿಸ್ಬಿಡಿ’ ಎಂದ. ಮಾರನೆಯ ದಿನ ಅಂಗಡಿಗೂ ಕರೆದುಕೊಂಡು ಹೋದ. ಅಂಗಡಿಯವನು ಹತ್ತು ನಿಮಿಷದಲ್ಲಿ ಹಳೆಯ ಬಲ್ಬುಗಳನ್ನು ಕಳಚಿ, ಹಿಂದೆ ಪುಟ್ಟ ಫ್ಯಾನು ಇದ್ದ ಹೊಸ ಬಲ್ಬುಗಳನ್ನು ಕೂರಿಸಿದ. ಯಾವುದನ್ನೂ ಎಸೆಯದ ಮೇಷ್ಟರ ಬುದ್ಧಿ ನೋಡಿ, ಹಳೆಯ ಬಲ್ಬುಗಳನ್ನು ಕಾಗದದಲ್ಲಿ ಸುತ್ತಿ ಡಿಕ್ಕಿಯಲ್ಲಿಟ್ಟುಕೊಂಡೆ.

ಆ ರಾತ್ರಿಯ ಸಂಭ್ರಮ ಏನು ಹೇಳಲಿ! ಬೆಳದಿಂಗಳನ್ನು ಬಕೆಟ್ಟಿನಲ್ಲಿ ಹಿಡಿದು ರಸ್ತೆಗೆ ಸುರಿದ ಹಾಗಿತ್ತು. ತೆಂಗಿನ ಗರಿಗಳೂ ಎಣಿಸುವಷ್ಟು ಸ್ಪಷ್ಟ. ಹೆಡ್‌ಲೈಟು ತೋರಿಸಬೇಕಾದ್ದು ತೆಂಗಿನ ಗರಿಯನ್ನಲ್ಲ ಎಂಬುದು ವಿಜ್ಞಾನದ ಮೇಷ್ಟರಿಗೆ ಆಗ ಹೊಳೆಯಲಿಲ್ಲ.

ಮುಂದಿನ ವಾರವಿಡೀ ಎದುರಿಗೆ ಬಂದ ಗಾಡಿಗಳವರು ನನ್ನತ್ತ ಲೈಟು ಮಿಟುಕಿಸಿದರು. ನಾನು ಡಿಮ್ಮಿನಲ್ಲೇ ಇದ್ದೆ. ‘ಜನಕ್ಕೆ ಎಷ್ಟು ಅಸಹನೆ, ಇನ್ನೊಬ್ಬನ ಗಾಡಿಯಲ್ಲಿ ಒಳ್ಳೆಯ ಲೈಟಿದ್ದರೆ ಸಹಿಸುವುದಿಲ್ಲ’ ಎಂದು ಮನೆಯಲ್ಲಿ ಹೇಳಿದೆ. ನನ್ನಾಕೆ ಮಾತ್ರ, ‘ಅಷ್ಟು ಜನ ಒಂದೇ ಮಾತು ಹೇಳ್ತಿದ್ದಾರೆ ಅಂದ್ರೆ ಒಂದ್ಸಲ ನೋಡಬಾರದೇ?’ ಎಂದಳು. ನೋಡಲಿಲ್ಲ.

ಒಂದು ಗುರುವಾರ ಬೆಳಗ್ಗೆ ಹತ್ತನೆಯ ತರಗತಿಯಲ್ಲಿ ಮುಂದಿನ ಬೆಂಚಿನ ಒಬ್ಬ ಹುಡುಗಿ ಬಂದಿರಲಿಲ್ಲ. ಒಂದು ದಿನವೂ ತಪ್ಪಿಸುವವಳಲ್ಲ. ಕೇಳಿದಾಗ ಗೆಳತಿ ಹೇಳಿದಳು: ‘ಅವರಪ್ಪ ನಿನ್ನೆ ಸಾಯಂಕಾಲ ಅವಳನ್ನ ಕರ್ಕೊಂಡು ಹೋಗೋಕೆ ಸೈಕಲ್ಲಲ್ಲಿ ಬರ್ತಾ ಇದ್ರಂತೆ ಸಾರ್. ಏರಿ ಮೇಲಿಂದ ಬಿದ್ದುಬಿಟ್ರಂತೆ. ಆಸ್ಪತ್ರೆಗೆ ಹೋಗವ್ಳೆ.’

ಸಂಜೆ ಶಾಲೆ ಬಿಟ್ಟ ಮೇಲೆ ಅವರ ಮನೆಗೆ ಹೋದೆ. ತೆಂಗಿನಕಾಯಿ ಸುಲಿಯುವ ಕೆಲಸದ ಮನುಷ್ಯ ಆತ. ಬಲ ಮಣಿಕಟ್ಟಿಗೆ ಪ್ಲಾಸ್ಟರು ಹಾಕಿ ಜಗುಲಿಯಲ್ಲಿ ಕೂರಿಸಿದ್ದರು. ಎದ್ದು ನಿಲ್ಲಲು ಹೋದರು, ನಾನೇ ಕೂರಿಸಿದೆ.

‘ಏನಾಯ್ತು?’ ಎಂದೆ.

‘ಏನಿಲ್ಲ ಮೇಷ್ಟ್ರೇ. ಏರಿ ಮೇಲೆ ಬರ್ತಿದ್ದೆ. ಎದುರಿಂದ ಯಾವ್ದೋ ಕಾರು. ಬೆಳ್ಳಗೆ, ಸೂರ್ಯನೇ ಉರುಳ್ಕಂಡು ಬಂದಂಗೆ. ಕಣ್ಣು ಕತ್ತಲೆ ಕಟ್ತು. ರಸ್ತೆ ಎಲ್ಲಿ, ಏರಿ ಎಲ್ಲಿ, ಒಂದೂ ತಿಳೀಲಿಲ್ಲ. ಪುಣ್ಯಕ್ಕೆ ತೋಟದ ಕಡೆಗೆ ಬಿದ್ದೆ, ಕೆರೆ ಕಡೆಗಲ್ಲ.’

‘ಎಷ್ಟು ಹೊತ್ತಿಗೆ?’ ಎಂದು ಕೇಳಿದೆ. ಕೇಳುವಾಗಲೇ ನನ್ನ ದನಿ ನನಗೇ ಬೇರೆಯಾಗಿ ಕೇಳಿಸಿತು.

‘ಆರೂಮುಕ್ಕಾಲಿರಬೈದು.’

ಆರೂಮುಕ್ಕಾಲಿಗೆ ಏರಿಯ ಮೇಲೆ ಇದ್ದವನು ನಾನು. ಎದುರಿಗೆ ಒಂದು ಸೈಕಲ್ಲು ಬಂದದ್ದೂ ನೆನಪಿತ್ತು. ಅದು ಹಿಂದಕ್ಕೆ ಸರಿದ ಮೇಲೆ ಏನಾಯಿತೆಂದು ನೋಡಿರಲಿಲ್ಲ. ಹುಡುಗಿ ಕಾಫಿ ತಂದಿಟ್ಟಳು. ಕುಡಿದೆ. ಹೇಳಬೇಕಾದ್ದನ್ನು ಹೇಳದೆ ಎದ್ದು ಬಂದೆ. ದಾರಿಯಲ್ಲಿ ಆ ಏರಿಯನ್ನು ದಾಟುವಾಗ ಹೆಡ್‌ಲೈಟು ಆರಿಸಿಬಿಡೋಣ ಅನ್ನಿಸಿತು.

ರಾತ್ರಿ ನಿದ್ದೆ ಬರಲಿಲ್ಲ. ಹಳೆಯ ಹ್ಯಾಲೊಜೆನ್ ಬಲ್ಬನ್ನು ಡಿಕ್ಕಿಯಿಂದ ತಂದು ಮೇಜಿನ ದೀಪದ ಕೆಳಗೆ ಹಿಡಿದು ನೋಡಿದೆ. ಎಚ್‌4 ಎಂದು ಹೆಸರು. 1971ರಲ್ಲಿ ಯುರೋಪಿನಲ್ಲಿ ಬಳಕೆಗೆ ಬಂದ ನಮೂನೆ. ಒಳಗೆ ಎರಡು ಟಂಗ್‌ಸ್ಟನ್ ತಂತುಗಳು: ದೂರದ ಬೆಳಕಿಗೆ 60 ವ್ಯಾಟ್, ಡಿಮ್ಮಿಗೆ 55 ವ್ಯಾಟ್. ದೂರದ ಬೆಳಕಿನ ತಂತು ದರ್ಪಣದ ಸಂಗಮ ಬಿಂದುವಿನಲ್ಲಿರುತ್ತದೆ. ಆದ್ದರಿಂದ ಕಿರಣಗಳು ನೇರ ಮುಂದಕ್ಕೆ ಹೋಗುತ್ತವೆ. ನಾವು ಪಾಠ ಮಾಡುವುದು ಇದನ್ನೇ. ಡಿಮ್ಮಿನ ತಂತು ಬೇಕೆಂದೇ ಆ ಬಿಂದುವಿಗಿಂತ ಕೊಂಚ ಮುಂದಿದೆ. ಅದರ ಕೆಳಗೆ ಒಂದು ಪುಟ್ಟ ಲೋಹದ ಬಟ್ಟಲು. ಬಟ್ಟಲಿರುವುದರಿಂದ ಬೆಳಕು ದರ್ಪಣದ ಮೇಲರ್ಧಕ್ಕೆ ಮಾತ್ರ ಬೀಳುತ್ತದೆ. ಮೇಲರ್ಧಕ್ಕೆ ಬಿದ್ದ ಬೆಳಕು ಕೆಳಮುಖವಾಗಿ ರಸ್ತೆಗೆ ಇಳಿಯುತ್ತದೆ. ಬಟ್ಟಲಿಲ್ಲದಿದ್ದರೆ ಕೆಳಗಿನರ್ಧಕ್ಕೂ ಬೆಳಕು ಬಿದ್ದು, ಅಲ್ಲಿಂದ ಮೇಲಕ್ಕೆ ಚಿಮ್ಮಿ, ಎದುರಿಗೆ ಬರುವವರ ಕಣ್ಣಿಗೆ ಹೋಗುತ್ತಿತ್ತು.

ಉಗುರಿಗಿಂತ ಚಿಕ್ಕದಾದ ಆ ಬಟ್ಟಲನ್ನು ಬಹಳ ಹೊತ್ತು ನೋಡುತ್ತ ಕುಳಿತೆ. ಅದು ಇರುವುದು ಗಾಡಿ ಓಡಿಸುವವನಿಗಾಗಿ ಅಲ್ಲ, ಎದುರಿಗೆ ಬರುವವರಿಗಾಗಿ.

ಎಲ್‌ಇಡಿ ಬಲ್ಬಿನಲ್ಲಿ ತಂತುವಿಲ್ಲ. ತೆಳ್ಳನೆಯ ತಗಡಿನ ಎರಡು ಪಕ್ಕಗಳಲ್ಲಿ ಬೆಳಕು ಕೊಡುವ ಚಿಪ್ಪುಗಳನ್ನು ಅಂಟಿಸಿರುತ್ತಾರೆ. ತಂತು ಸುತ್ತಲೂ ಬೆಳಕು ಚೆಲ್ಲುತ್ತದೆ. ಚಿಪ್ಪು ತನ್ನ ಎದುರಿಗೆ ಮಾತ್ರ. ದರ್ಪಣವನ್ನು ರೂಪಿಸಿದವರು ತಂತುವಿನ ಜಾಗ, ಉದ್ದ, ದಪ್ಪಗಳನ್ನು ಲೆಕ್ಕ ಹಾಕಿ ರೂಪಿಸಿದ್ದಾರೆ. ಅಲ್ಲಿ ಒಂದೆರಡು ಮಿಲಿಮೀಟರ್ ವ್ಯತ್ಯಾಸವಾದರೂ ರಸ್ತೆಯ ಮೇಲಿನ ಬೆಳಕು ಎಲ್ಲೆಲ್ಲಿಗೋ ಹೋಗುತ್ತದೆ. ಹೊಸ ಬಲ್ಬುಗಳಲ್ಲೂ ಆ ಬಟ್ಟಲಿನ ಅನುಕರಣೆ ಇರುವುದುಂಟು. ನನ್ನದರಲ್ಲಿ ಅದು ಹೆಸರಿಗೆ ಮಾತ್ರ ಇತ್ತು.

ಹಾಗಾದರೆ ನನಗೆ ಚೆನ್ನಾಗಿ ಕಂಡದ್ದು ಸುಳ್ಳೇ? ಅರ್ಧ ಸುಳ್ಳು. ಕಾರಿನ ಮುಂದಿನ ಹತ್ತಾರು ಅಡಿ ರಸ್ತೆ ಬೆಳ್ಳಗೆ ಹೊಳೆದಾಗ ಕಣ್ಣಿನ ಪಾಪೆ ಕಿರಿದಾಗುತ್ತದೆ. ಆಗ ದೂರದ ಕತ್ತಲು ಇನ್ನಷ್ಟು ಕಪ್ಪಾಗುತ್ತದೆ. ಎದುರಿನವರ ಪಾಡು ಇನ್ನೂ ಕಷ್ಟ. ಮಬ್ಬು ಬೆಳಕಿನಲ್ಲಿ ನೋಡಲು ನೆರವಾಗುವ ದಂಡಕೋಶಗಳು ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ಆ ಹೊಂದಾಣಿಕೆ ಕೆಡಲು ಒಂದು ಕ್ಷಣದ ಪ್ರಖರ ಬೆಳಕು ಸಾಕು. ಮಕ್ಕಳೇ, ಒಂದು ಲೆಕ್ಕ ಮಾಡಿ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಬರುವ ಮೋಟಾರ್ ಸೈಕಲ್ಲಿನವನಿಗೆ ಮೂರು ಸೆಕೆಂಡು ಕಣ್ಣು ಕಾಣಿಸದಿದ್ದರೆ ಅವನು ಕುರುಡನಂತೆ ಎಷ್ಟು ದೂರ ಹೋಗುತ್ತಾನೆ? ಐವತ್ತು ಮೀಟರ್.

ಮಾರನೆಯ ಸಂಜೆ ಮತ್ತೆ ಆ ಮನೆಗೆ ಹೋದೆ. ‘ಅವತ್ತು ಎದುರಿಗೆ ಬಂದ ಕಾರು ನನ್ನದೇ’ ಎಂದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಹುಡುಗಿ ತಲೆ ತಗ್ಗಿಸಿದಳು. ಅವಳ ಅಮ್ಮ ಒಳಗೆ ಎದ್ದು ಹೋದರು. ಕೊನೆಗೆ ಆತ, ‘ಬೇಕಂತ ಮಾಡಿದ್ರಾ? ಬುಡಿ ಮೇಷ್ಟ್ರೇ’ ಎಂದರು. ಆಸ್ಪತ್ರೆಯ ಖರ್ಚು, ಕೆಲಸ ತಪ್ಪಿದ ದಿನಗಳ ಕೂಲಿ ಕೊಡುತ್ತೇನೆಂದಾಗ ಬೇಡವೆಂದು ಹಟ ಮಾಡಿದರು; ಅವರ ಹೆಂಡತಿಯ ಕೈಗೆ ಕೊಟ್ಟು ಬಂದೆ. ಅದರಿಂದ ನನ್ನ ಮನಸ್ಸು ಹಗುರವಾಯಿತೆಂದು ಹೇಳಲಾರೆ.

ಸೋಮವಾರ ತರಗತಿಯಲ್ಲಿ ನಡೆದದ್ದನ್ನೆಲ್ಲ ಹೇಳಿದೆ. ಸಂಜೆ ಕತ್ತಲಾದ ಮೇಲೆ ಪ್ರಯೋಗ. ಮಕ್ಕಳನ್ನು ಕರೆದುಕೊಂಡು ಹೋಗಲು ಬಂದ ತಂದೆತಾಯಂದಿರೂ ನಿಂತರು. ಸಮತಟ್ಟಾದ ಅಂಗಳದಲ್ಲಿ ಕಾರನ್ನು ಶಾಲೆಯ ಗೋಡೆಗೆ ಸರಿಯಾಗಿ 10 ಮೀಟರ್ ದೂರದಲ್ಲಿ ನಿಲ್ಲಿಸಿದೆವು. ಹೆಡ್‌ಲೈಟಿನ ಮಧ್ಯದ ಎತ್ತರಕ್ಕೆ ಗೋಡೆಯ ಮೇಲೆ ಸೀಮೆಸುಣ್ಣದ ಒಂದು ಗೆರೆ, ಅದಕ್ಕಿಂತ 10 ಸೆಂಟಿಮೀಟರ್ ಕೆಳಗೆ ಇನ್ನೊಂದು. ಡಿಮ್ ಬೆಳಕಿನ ಮೇಲಂಚು ಈ ಕೆಳಗಿನ ಗೆರೆಯ ಹತ್ತಿರ ನಿಲ್ಲಬೇಕು. ಎಡಗಡೆಗೆ ಹಳೆಯ ಹ್ಯಾಲೊಜೆನ್ ಬಲ್ಬು ಹಾಕಿದೆ. ಬಲಗಡೆಗೆ ಎಲ್‌ಇಡಿಯೇ ಇರಲಿ ಎಂದು ಬಿಟ್ಟೆ.

ಮೊದಲು ಬಲಗಡೆಯ ದೀಪವನ್ನು ರಟ್ಟಿನಿಂದ ಮುಚ್ಚಿದೆವು. ಗೋಡೆಯ ಮೇಲೆ ಹ್ಯಾಲೊಜೆನ್ ಬೆಳಕು ಚಾಕುವಿನಿಂದ ಕೊಯ್ದ ಹಾಗೆ ನಿಂತಿತು. ಬಲಕ್ಕೆ ಮಟ್ಟಸವಾದ ಅಂಚು. ಎಡಕ್ಕೆ 15 ಡಿಗ್ರಿ ಮೇಲೆದ್ದ ಅಂಚು. ‘ಎಡಕ್ಕೆ ಯಾಕೆ ಮೇಲೆ ಏಳುತ್ತೆ?’ ಎಂದು ಕೇಳಿದೆ. ಆ ಹುಡುಗಿಯೇ ಹೇಳಿದಳು: ‘ನಾವು ಎಡಗಡೆ ಹೋಗ್ತೀವಲ್ಲ ಸಾರ್. ರಸ್ತೆ ಪಕ್ಕದಲ್ಲಿ ನಡೆಯೋರು ಕಾಣಬೇಕು. ಬಲಗಡೆ ಎದುರಿನವರು ಬರ್ತಾರೆ, ಅವರ ಕಣ್ಣಿಗೆ ಬೀಳಬಾರದು.’ ಇಷ್ಟು ವರ್ಷ ನಾನು ಪಾಠದಲ್ಲಿ ಹೇಳದೆ ಬಿಟ್ಟ ಮಾತು ಅದು.

ಆಮೇಲೆ ರಟ್ಟನ್ನು ಬದಲಾಯಿಸಿದೆವು. ಎಲ್‌ಇಡಿಯ ಬೆಳಕಿಗೆ ಅಂಚೇ ಇರಲಿಲ್ಲ. ಗೆರೆ ದಾಟಿ, ಕಿಟಕಿ ದಾಟಿ, ಹೆಂಚಿನವರೆಗೂ ಹರಡಿತ್ತು. ಹಿಂದಿನ ಹುಣಸೆಮರದ ಕಾಗೆಗಳು ಬೆಳಗಾಯಿತೆಂದು ಕೂಗಿದವು. ಎಲ್ಲರೂ ನಕ್ಕರು, ನಾನೂ ನಕ್ಕೆ.

1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 106ನೆಯದು ಇದನ್ನೇ ಅಳತೆ ಕೊಟ್ಟು ಹೇಳುತ್ತದೆ: ದೀಪದಿಂದ 8 ಮೀಟರ್ ದೂರದಲ್ಲಿ, ಅರ್ಧ ಮೀಟರ್ ಬಲಕ್ಕೆ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಕಣ್ಣಿಟ್ಟವರಿಗೆ ಬೆಳಕು ಕುಕ್ಕಬಾರದು. ಒಂದೂವರೆ ಮೀಟರ್ ಎಂದರೆ ಹೆಚ್ಚು ಕಡಿಮೆ ಸೈಕಲ್ಲಿನ ಮೇಲೆ ಕುಳಿತವರ ಕಣ್ಣಿನ ಎತ್ತರ.

ಹಾಗಾದರೆ ನನ್ನ ಕಾರಿನ ಮಿಣಮಿಣ ದೀಪಕ್ಕೆ ಮದ್ದೇನು? ಪ್ರಯೋಗಾಲಯದ ಮಲ್ಟಿಮೀಟರ್ ಹಿಡಿದು ಹೊರಟೆ. ಎಂಜಿನ್ ಓಡುವಾಗ ಬ್ಯಾಟರಿಯ ಬಳಿ 13.8 ವೋಲ್ಟ್, ಬಲ್ಬಿನ ಬಳಿ 12.2. ಹಳೆಯ ತಂತಿ, ಸವೆದ ಸ್ವಿಚ್ಚು ಉಳಿದದ್ದನ್ನು ದಾರಿಯಲ್ಲೇ ತಿಂದಿದ್ದವು. ತಂತುವಿನ ಬಲ್ಬಿನ ಬೆಳಕು ವೋಲ್ಟೇಜಿನ ಸುಮಾರು 3.4ನೆಯ ಘಾತದಂತೆ ಏರಿಳಿಯುತ್ತದೆ. ಹಾಗಾಗಿ ವೋಲ್ಟೇಜು ಇಷ್ಟು ಇಳಿದರೆ ಬೆಳಕಿನಲ್ಲಿ ಮೂರರಲ್ಲೊಂದು ಪಾಲು ಹೋದಂತೆ! ಆಟೊ ಎಲೆಕ್ಟ್ರಿಷಿಯನ್ ಆಗಿರುವ ಹಳೆಯ ವಿದ್ಯಾರ್ಥಿಯೊಬ್ಬ ಬ್ಯಾಟರಿಯಿಂದ ನೇರ ದಪ್ಪ ತಂತಿ ಎಳೆದು ರಿಲೇ ಹಾಕಿಕೊಟ್ಟ. ಬಿಸಿಲಿಗೆ ಹಳದಿಯಾಗಿದ್ದ ಹೆಡ್‌ಲೈಟಿನ ಪ್ಲಾಸ್ಟಿಕ್ ಮುಖವನ್ನು ಉಜ್ಜಿ ಪಾಲಿಶ್ ಮಾಡಿದ. ಹೊಸ ಹ್ಯಾಲೊಜೆನ್ ಬಲ್ಬುಗಳನ್ನು ಗಾಜು ಮುಟ್ಟದೆ ಹಾಕಿದ. ಬೆರಳಿನ ಜಿಡ್ಡು ತಾಕಿದರೆ ಆ ಬಿಸಿಗೆ ಬಲ್ಬು ಬೇಗ ಹಾಳಾಗುತ್ತದೆ. ಒಟ್ಟು ಖರ್ಚು ಎಲ್‌ಇಡಿಗೆ ಕೊಟ್ಟದ್ದಕ್ಕಿಂತ ಕಡಿಮೆ. ರಸ್ತೆ ಚೆನ್ನಾಗಿ ಕಂಡಿತು.

‘ಸಾರ್, ನಿಮ್ಮ ಕಣ್ಣನ್ನೂ ಒಂದ್ಸಲ ತೋರಿಸಿ’ ಎಂದೂ ಅವನೇ ಹೇಳಿದ. ತೋರಿಸಿದೆ. ಪೊರೆ ಶುರುವಾಗಿದೆ, ಕನ್ನಡಕವೂ ಬದಲಾಗಬೇಕು ಎಂದರು ವೈದ್ಯರು. ಗಾಡಿಯ ಕಣ್ಣಿಗೂ ಒಡೆಯನ ಕಣ್ಣಿಗೂ ಒಂದೇ ಕಾಯಿಲೆ!

ಇಷ್ಟು ಹೇಳಿದ ಮೇಲೆ ಎಲ್‌ಇಡಿಯನ್ನು ದೂರಿದೆನೆಂದು ತಿಳಿಯಬೇಡಿ. ಮನೆಯ ತುಂಬ ನಾನು ಹಾಕಿಸಿರುವುದು ಅದನ್ನೇ. ಅದಕ್ಕೆ ಬುನಾದಿಯಾದ ನೀಲಿ ಎಲ್‌ಇಡಿಯನ್ನು ಸಾಧಿಸಿದ ಅಕಸಾಕಿ, ಅಮಾನೊ, ನಕಮುರ ಅವರಿಗೆ 2014ರಲ್ಲಿ ಭೌತವಿಜ್ಞಾನದ ನೊಬೆಲ್ ಬಂತು. ಎಲ್‌ಇಡಿಗೆಂದೇ ದರ್ಪಣ, ಮಸೂರಗಳನ್ನು ರೂಪಿಸಿ ಕಾರ್ಖಾನೆಯಲ್ಲೇ ಕೂರಿಸಿದ ಹೆಡ್‌ಲೈಟಿನ ಮಾತು ಬೇರೆ. ಹಳೆಯ ದೀಪದಲ್ಲಿ ಎಲ್‌ಇಡಿ ಬಲ್ಬು ಹಾಕಲು ಜರ್ಮನಿಯಲ್ಲಿ 2020ರಲ್ಲಿ ಒಪ್ಪಿಗೆ ಸಿಕ್ಕಾಗಲೂ, ಪರೀಕ್ಷಿಸಿದ ಬಲ್ಬು, ಪಟ್ಟಿಯಲ್ಲಿರುವ ಗಾಡಿಗಳು ಮಾತ್ರ ಎಂಬ ಕಟ್ಟಿನೊಂದಿಗೇ ಸಿಕ್ಕಿತು. ಯಾರದೋ ಪಾದಕ್ಕೆ ಅಳತೆ ಮಾಡಿದ ಚಪ್ಪಲಿಗೆ ನಮ್ಮ ಕಾಲು ತೂರಿಸುವುದು ಸಲ್ಲದು ಅಷ್ಟೆ.

ಮಗನಿಗೆ ಫೋನು ಮಾಡಿ ಎಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನನ್ನ ಬೈಕಿಗೂ ಹಾಕಿಸಿದ್ದೀನಿ ಅಪ್ಪ’ ಎಂದ. ಮುಂದಿನ ಸಲ ಬಂದಾಗ ಬೈಕನ್ನೂ ಗೋಡೆಯ ಮುಂದೆ ನಿಲ್ಲಿಸಿ ನೋಡಿದೆವು. ತಾನೇ ಕಳಚಿದ.

ಹುಡುಗಿ ಈಗ ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡಿದ್ದಾಳೆ. ಅವಳ ಅಪ್ಪನ ಕೈ ಕೂಡಿದೆ. ಚಳಿಯಲ್ಲಿ ನೋವು ಬರುತ್ತದಂತೆ. ಸಂಜೆ ಏರಿಯ ಮೇಲೆ ಎಷ್ಟೋ ಸಲ ಎದುರಾಗುತ್ತಾರೆ. ನಾನು ಡಿಮ್ ಮಾಡಿ ನಿಧಾನಿಸುತ್ತೇನೆ. ಅವರು ಬೆಲ್ಲು ಹೊಡೆದು ಮುಂದೆ ಹೋಗುತ್ತಾರೆ. ಆಮೇಲೆ ನಾನು ಕನ್ನಡಿಯಲ್ಲಿ ಒಮ್ಮೆ ಹಿಂದಕ್ಕೆ ನೋಡುತ್ತೇನೆ.