ಸಿಲಬಸ್ ಇಲ್ಲದ ಪುಸ್ತಕಗಳು

ಕೊರೊನಾ ಬಂದ ವರ್ಷ, ಅಂದರೆ 2020ರಲ್ಲಿ, ಅಮರಾಪುರದ ಕಡೆಯ ಕನ್ನಡ ಮನೆಗಳಲ್ಲಿ ಟಿವಿಯ ಮುಂದೆ ಒಂದು ವಿಚಿತ್ರ ಪೀಕಲಾಟ ನಡೆಯುತ್ತಿತ್ತು. ಸಪ್ತಗಿರಿ ಚಾನೆಲ್ ಹಾಕಿದರೆ ಆಂಧ್ರ ಸರ್ಕಾರದ ‘ವಿದ್ಯಾವಾರಧಿ’ ಬರುತ್ತಿತ್ತು. ಪಾಠ ನಮ್ಮದೇ, ಭಾಷೆ ತೆಲುಗು. ಚಂದನ ಹಾಕಿದರೆ ಕರ್ನಾಟಕದ ‘ಸಂವೇದ’. ಅಲ್ಲಿ ಭಾಷೆ ನಮ್ಮದೇ, ಪಾಠ ಬೇರೆ. ಕನ್ನಡ ಮೀಡಿಯಮ್ಮಿನಲ್ಲಿ ಓದುವ ಗಡಿನಾಡಿನ ಮಕ್ಕಳು ಎರಡರ ನಡುವೆ ಕೂತು ಸ್ವಲ್ಪ ಹೊತ್ತು ನೋಡಿ, ಆಮೇಲೆ ತೋಟದ ಕಡೆ ಓಡುತ್ತಿದ್ದರು. ಅವರನ್ನು ಬೈಯಲು ನಮಗೆ ಬಾಯಿ ಬರಲಿಲ್ಲ.

ಅಮರಾಪುರ ಆಗ ಅನಂತಪುರ ಜಿಲ್ಲೆ. 2022ರ ಏಪ್ರಿಲ್‌ನಿಂದ ಶ್ರೀ ಸತ್ಯಸಾಯಿ ಜಿಲ್ಲೆ. ಜಿಲ್ಲೆಯ ಹೆಸರು ಬದಲಾದರೂ ನಮ್ಮ ಬದುಕು ಬದಲಾಗಿಲ್ಲ. ಆಫೀಸು ಕಾಗದ ತೆಲುಗು, ಮನೆ ಮಾತು ಕನ್ನಡ, ಮದುವೆ ಸಂಬಂಧ ಶಿರಾ, ಪಾವಗಡ, ಹಿರಿಯೂರಿನ ಕಡೆಗೆ. ಪಕ್ಕದ ಹೇಮಾವತಿಯಲ್ಲಿ ನೊಳಂಬರು ಆಳಿದ ಕಾಲದ ಕನ್ನಡ ಶಾಸನಗಳಿವೆ. ಕಲ್ಲಿನ ಮೇಲೆ ಕನ್ನಡಕ್ಕೆ ನಮ್ಮಲ್ಲಿ ಬರವಿಲ್ಲ. ಬರ ಇರುವುದು ಕಾಗದದ ಮೇಲಿನ ಕನ್ನಡಕ್ಕೆ. ನಮ್ಮ ಬಹುಪಾಲು ಮನೆಗಳಲ್ಲಿ ಪಠ್ಯಪುಸ್ತಕ, ಕ್ಯಾಲೆಂಡರ್, ಬೈಬಲ್ ಬಿಟ್ಟರೆ ಓದಲು ಬೇರೇನೂ ಇರಲಿಲ್ಲ.

ಶಾಲೆ ಮುಚ್ಚಿದರೆ ಏನು ನಷ್ಟ ಎಂದು ಮೊದಮೊದಲು ಯಾರಿಗೂ ಹೊಳೆಯಲಿಲ್ಲ. ರಜೆ ಅಂದುಕೊಂಡರು. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದವರು 2021ರ ಜನವರಿಯಲ್ಲಿ ಕರ್ನಾಟಕವೂ ಸೇರಿ ಐದು ರಾಜ್ಯಗಳ 16,067 ಮಕ್ಕಳನ್ನು ಪರೀಕ್ಷಿಸಿದರು. ಅದರಲ್ಲಿ 92% ಮಕ್ಕಳು ಹಿಂದಿನ ವರ್ಷ ಬರುತ್ತಿದ್ದ ಭಾಷಾ ಸಾಮರ್ಥ್ಯಗಳಲ್ಲಿ ಒಂದನ್ನಾದರೂ ಕಳೆದುಕೊಂಡಿದ್ದರು. ಹೊಸದು ಕಲಿಯಲಿಲ್ಲ ಎಂಬುದು ಬೇರೆ ಮಾತು, ಕಲಿತದ್ದೇ ಹೋಗಿತ್ತು. ನಮ್ಮ ಬೀದಿಯಲ್ಲೇ ಅದನ್ನು ಕಂಡೆವು. ಮೂರನೇ ಕ್ಲಾಸಿನ ಹುಡುಗಿಯೊಬ್ಬಳು ಒತ್ತಕ್ಷರ ಬಂದಲ್ಲೆಲ್ಲ ನಿಂತುಬಿಡುತ್ತಿದ್ದಳು. ‘ಅಮ್ಮ’ ಓದುತ್ತಿದ್ದಳು, ‘ಅಕ್ಷರ’ ಓದಲಾಗುತ್ತಿರಲಿಲ್ಲ.

ಗಡಿಯಾಚೆ ಕರ್ನಾಟಕದಲ್ಲಿ 2020ರ ಆಗಸ್ಟ್‌ನಲ್ಲಿ ‘ವಿದ್ಯಾಗಮ’ ಶುರುವಾಯಿತು. ಮೇಷ್ಟ್ರುಗಳೇ ಊರೊಳಗೆ ಬಂದು ಮರದ ಕೆಳಗೆ, ಗುಡಿಯ ಜಗುಲಿಯಲ್ಲಿ ಪಾಠ ಮಾಡಿದರು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದೂ ನಿಂತಿತು. ಆಮೇಲೆ ನವೆಂಬರ್‌ನಲ್ಲಿ ಬಂದದ್ದು ‘ಓದುವ ಬೆಳಕು’. ನಾವು ಹೇಳಹೊರಟಿರುವುದು ಇದನ್ನೇ.

ಕರ್ನಾಟಕದಲ್ಲಿ ಸುಮಾರು ಐದೂವರೆ ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿವೆ. ನೀವು ನೋಡಿರುತ್ತೀರಿ: ಪಂಚಾಯಿತಿ ಆಫೀಸಿನ ಪಕ್ಕ ಒಂದು ಕೋಣೆ, ಎರಡು ಬೆಂಚು, ಪೇಪರ್ ಓದುವ ನಾಲ್ಕು ಜನ ತಾತಂದಿರು, ಬೀಗ ಹಾಕಿದ ಬೀರು. 2019ರಲ್ಲಿ ಇವುಗಳನ್ನು ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಒಪ್ಪಿಸಿದರು. ಇಲಾಖೆಯ ಹೊಣೆ ಹೊತ್ತಿದ್ದ ಉಮಾ ಮಹದೇವನ್ ಅವರು ಈ ಕೋಣೆಗಳ ಹಿಂದೆ ಬಿದ್ದರು. ಶಾಲೆ ಮುಚ್ಚಿದ ಕಾಲದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಗ್ರಂಥಾಲಯದ ಸದಸ್ಯತ್ವ ಉಚಿತವಾಯಿತು. ಲಕ್ಷಗಟ್ಟಲೆ ಮಕ್ಕಳು ಹೆಸರು ಬರೆಸಿದರು. ಪುಸ್ತಕ ಸಾಲದಾದಾಗ ಹಲವೆಡೆ ‘ಪುಸ್ತಕ ಜೋಳಿಗೆ’ ಹಿಡಿದು ಮನೆ ಮನೆಗೆ ಹೋಗಿ ಬೇಡಿದರು. ಸರ್ಕಾರ ಜೋಳಿಗೆ ಹಿಡಿಯುವುದೇ ಎಂದು ನಕ್ಕವರೂ ಇದ್ದರು. ನಮಗಂತೂ ಅದು ಇಷ್ಟವಾಯಿತು, ಹಳ್ಳಿಯಲ್ಲಿ ಜೋಳಿಗೆಗೆ ಇಲ್ಲ ಅನ್ನುವ ವಾಡಿಕೆ ಇಲ್ಲ.

ಶಿರಾ ತಾಲ್ಲೂಕಿನ ನಮ್ಮ ನೆಂಟರ ಊರಿನಲ್ಲಿ ಈ ಕೆಲಸ ಹೇಗೆ ನಡೆಯಿತೆಂದು ಕಂಡಿದ್ದೇವೆ. ಅಲ್ಲಿನ ಮೇಲ್ವಿಚಾರಕರನ್ನು ಮಕ್ಕಳೆಲ್ಲ ‘ಲೈಬ್ರರಿ ಅಣ್ಣ’ ಅನ್ನುತ್ತಿದ್ದರು. ಮಕ್ಕಳು ಒಳಗೆ ಗುಂಪು ಸೇರಬಾರದೆಂದು ಆ ಅಣ್ಣ ಪುಸ್ತಕಗಳನ್ನೇ ಹೊರಗೆ ತಂದು ಟಾರ್ಪಾಲಿನ ಮೇಲೆ ಹರಡುತ್ತಿದ್ದರು. ಬರಲಾಗದ ಮನೆಗೆ ಬೈಕಿನಲ್ಲಿ ಚೀಲ ತೂಗುಹಾಕಿಕೊಂಡು ಹೋಗುತ್ತಿದ್ದರು. ವಾಪಸು ಬಂದ ಪುಸ್ತಕವನ್ನು ಬೇರೆ ಡಬ್ಬದಲ್ಲಿ ಕೆಲವು ದಿನ ಇಟ್ಟು ಆಮೇಲೆ ಮತ್ತೊಬ್ಬರಿಗೆ ಕೊಡುತ್ತಿದ್ದರು. ಇದು ಅವರು ತಾವೇ ಕಟ್ಟಿಕೊಂಡ ಮಡಿಯೇನಲ್ಲ. ಪುಸ್ತಕದ ಮೇಲೆ ವೈರಸ್ ಎಷ್ಟು ದಿನ ಉಳಿಯುತ್ತದೆ ಎಂದು ಅಮೆರಿಕದಲ್ಲಿ ಗ್ರಂಥಾಲಯಗಳಿಗಾಗಿಯೇ ಆ ವರ್ಷ ಪರೀಕ್ಷೆ ನಡೆಸಿದ್ದರು. ಬಿಡಿಯಾಗಿಟ್ಟ ಪುಸ್ತಕದಲ್ಲಿ ಮೂರು ದಿನಕ್ಕೆ ಅದು ಕಾಣಿಸಲಿಲ್ಲ. ಒಂದರ ಮೇಲೊಂದು ಪೇರಿಸಿಟ್ಟಾಗ ಆರು ದಿನವಾದರೂ ಇತ್ತು.

ಗಡಿಯ ಈಚೆಗೆ ಇದ್ಯಾವುದೂ ಇರಲಿಲ್ಲ. ನಮ್ಮ ಜಿಲ್ಲೆಗೂ ಗ್ರಂಥಾಲಯಗಳಿವೆ, ಮನೆ ಕಂದಾಯದಲ್ಲೇ ಗ್ರಂಥಾಲಯ ಸೆಸ್ ಕಟ್ಟುತ್ತೇವೆ: ಆಂಧ್ರದಲ್ಲಿ ರೂಪಾಯಿಗೆ 8 ಪೈಸೆ, ಕರ್ನಾಟಕದಲ್ಲಿ 6 ಪೈಸೆ. ಲೆಕ್ಕಕ್ಕೆ ನಾವೇ ಹೆಚ್ಚು ಕೊಡುವವರು. ಆದರೆ ಕನ್ನಡ ಮಗುವಿನ ಕೈಗೆ ಅಲ್ಲಿಂದ ಕನ್ನಡ ಕಥೆಪುಸ್ತಕ ಸಿಗುವುದು ಕಷ್ಟ. ಫೋನಿನಲ್ಲಿ ಓದಿಕೊಳ್ಳಿ ಎಂದರು ಕೆಲವರು. ಕರ್ನಾಟಕದ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯ 2020ರಲ್ಲೇ ತೆರೆದಿತ್ತು, ನಿಜ. ಆದರೆ ಮನೆಗಿರುವ ಒಂದೇ ಫೋನು ಬೆಳಿಗ್ಗೆಯೇ ಅಪ್ಪನ ಜೇಬಿನಲ್ಲಿ ಅಡಿಕೆ ತೋಟಕ್ಕೆ ಹೋಗುತ್ತಿತ್ತು.

ಹಾಗಾಗಿ ನಾವು ಯುವಕರು ನೆಂಟಸ್ತಿಕೆಯನ್ನೇ ಲೈಬ್ರರಿ ಮಾಡಿಕೊಂಡೆವು. ಶಿರಾ ಕಡೆಯ ಅಕ್ಕ ಭಾವಂದಿರು ಮಕ್ಕಳು ಓದಿ ಬಿಟ್ಟ ಪುಸ್ತಕಗಳನ್ನು ಬಂದುಹೋಗುವವರ ಕೈಲಿ ಕಳಿಸಿದರು. ಪ್ರಥಮ್ ಬುಕ್ಸ್‌ನ ಚಿತ್ರದ ಪುಸ್ತಕಗಳು, ಹಳೇ ಮಕ್ಕಳ ಮಾಸಪತ್ರಿಕೆಗಳು, ಮುಖಪುಟ ಹರಿದ ಪಂಚತಂತ್ರ. ಜಾಗ ಕೇಳಿದಾಗ ಫಾದರ್ ಧರ್ಮೋಪದೇಶದ ಕೋಣೆಯ ಒಂದು ಬೀರು ಖಾಲಿ ಮಾಡಿಕೊಟ್ಟರು. ಭಾನುವಾರ ಪೂಜೆಯಾದ ಮೇಲೆ ಮಾತ್ರ ತೆರೆದರೆ ನಮ್ಮವರಿಗಷ್ಟೇ ಆಗುತ್ತದೆಂದು ಬುಧವಾರ, ಶನಿವಾರ ಸಂಜೆಯೂ ತೆರೆದೆವು. ಬಂದ ಮಕ್ಕಳಲ್ಲಿ ಅರ್ಧಕ್ಕೂ ಹೆಚ್ಚು ಜನ ಬೇರೆ ಮನೆತನದವರು. ಒಂದು ಮನೆಯವರು ಮೊದಲು ಬಾಗಿಲ ಹೊರಗೇ ನಿಂತು, ‘ಇದು ಓದಿದ್ರೆ ನಿಮ್ಮ ದೇವ್ರಿಗೆ ಸೇರ್ಕೋಬೇಕೇನಪ್ಪಾ?’ ಎಂದು ನೇರವಾಗಿ ಕೇಳಿದರು. ಪಂಚತಂತ್ರ ತೋರಿಸಿದೆವು. ನಕ್ಕು ಎರಡು ಪುಸ್ತಕ ತಗೊಂಡು ಹೋದರು.

ಈ ಪುಸ್ತಕಗಳಿಗೆ ಸಿಲಬಸ್ ಇರಲಿಲ್ಲ, ಅದೇ ಅನುಕೂಲವಾಯಿತು. ಟಿವಿ ಪಾಠಕ್ಕೆ ರಾಜ್ಯ ಬೇಕು, ನರಿಯ ಕಥೆಗೆ ಯಾವ ರಾಜ್ಯವಾದರೇನು? ಒತ್ತಕ್ಷರಕ್ಕೆ ನಿಲ್ಲುತ್ತಿದ್ದ ಆ ಹುಡುಗಿ ಒಂದೇ ಪುಸ್ತಕವನ್ನು ನಾಲ್ಕು ವಾರ ಬದಲಾಯಿಸಲಿಲ್ಲ. ಬೇರೆ ಕೊಡೋಣವೇ ಅಂದರೆ ‘ಬೇಡ ಅಣ್ಣ, ಇದು ಬರ್ತೈತೆ’ ಅನ್ನುತ್ತಿದ್ದಳು. ಐದನೇ ವಾರ ತಾನಾಗಿಯೇ ಬೇರೆ ಕೇಳಿದಳು. ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು ಎಂಬರ್ಥದ ನಿಯಮವನ್ನು ಎಸ್.ಆರ್. ರಂಗನಾಥನ್ 1931ರಲ್ಲೇ ಬರೆದಿಟ್ಟಿದ್ದಾರೆ. ಆ ದೊಡ್ಡವರು ಕೊನೆಯವರೆಗೂ ಇದ್ದದ್ದು ಬೆಂಗಳೂರಿನಲ್ಲಿ.

2021ರ ಏಪ್ರಿಲ್, ಮೇ ತಿಂಗಳ ಎರಡನೇ ಅಲೆಯಲ್ಲಿ ಬೀರು ಮುಚ್ಚಿದೆವು. ಆ ದಿನಗಳ ವಿಷಯ ಹೆಚ್ಚು ಬರೆಯಲು ಮನಸ್ಸಿಲ್ಲ, ಎಲ್ಲರ ಮನೆಯಲ್ಲೂ ಒಂದಲ್ಲ ಒಂದು ಫೋಟೋಕ್ಕೆ ಹಾರ ಬಿದ್ದಿದೆ. ಮಕ್ಕಳಿಗೆಂದು ಇಟ್ಟಿದ್ದ ಬೀರನ್ನು ದೊಡ್ಡವರು ಕೇಳಿದ್ದು ಆಗಲೇ. ಹಿತ್ತಲ ಕೋಣೆಯಲ್ಲಿ ಒಬ್ಬರೇ ಇದ್ದ ತಾತನೊಬ್ಬರು ಕಿಟಕಿಯಿಂದ, ‘ಯಾವ್ದಾದ್ರೂ ಸರಿ, ಅಕ್ಷರ ದಪ್ಪ ಇರ್ಲಿ’ ಎಂದು ಹೇಳಿಕಳಿಸಿದ್ದರು. ಸೆರೆಯಲ್ಲಿದ್ದ ಸಂತ ಪೌಲರು ತಿಮೊಥೇಯನಿಗೆ ಬರೆದ ಕಾಗದದ ಕೊನೆಯಲ್ಲಿ, ಬರುವಾಗ ತ್ರೋವದಲ್ಲಿ ಬಿಟ್ಟುಬಂದ ಮೇಲಂಗಿಯನ್ನೂ ಪುಸ್ತಕಗಳನ್ನೂ ತರಲು ಹೇಳುತ್ತಾರಲ್ಲ, ಅದು ಆಗ ನೆನಪಿಗೆ ಬಂತು. ಅಷ್ಟು ದಿನ ಅದನ್ನು ಸಾಮಾನಿನ ಪಟ್ಟಿಯಂತೆ ಓದಿ ಮುಂದೆ ಹೋಗುತ್ತಿದ್ದೆವು. ತಾತನಿಗೆ ಮಕ್ಕಳ ಚಿತ್ರದ ಪುಸ್ತಕಗಳನ್ನೇ ಕೊಟ್ಟೆವು, ದಪ್ಪ ಅಕ್ಷರ ಇದ್ದದ್ದು ಅವಕ್ಕೇ. ವಾಸಿಯಾಗಿ ಹೊರಗೆ ಬಂದ ಮೇಲೆ, ಆಮೆ ಮಾತಾಡಿದ್ದು ಸರಿಯೇ ತಪ್ಪೇ ಎಂದು ನಮ್ಮ ಜೊತೆ ವಾದಕ್ಕೆ ನಿಂತರು.

ಗಡಿಯಾಚೆಯ ಗ್ರಂಥಾಲಯಗಳಿಗೆ ಈಗ ‘ಅರಿವು ಕೇಂದ್ರ’ ಎಂಬ ಹೆಸರು. ಅಲ್ಲಿ ಕಂಪ್ಯೂಟರ್ ಬಂದಿದೆ, ಗೋಡೆಗೆ ಚಿತ್ರ ಬಂದಿದೆ. ನಮ್ಮದು ಅದೇ ಬೀರು. ಕೊಟ್ಟದ್ದು, ತಂದದ್ದು ಬರೆಯಲು ಇಟ್ಟಿದ್ದ ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಹನ್ನೊಂದು ಹೆಸರುಗಳ ಮುಂದೆ ಇನ್ನೂ ಗೆರೆ ಎಳೆದಿಲ್ಲ. ಅದರಲ್ಲಿ ಆ ಹುಡುಗಿಯ ಹೆಸರೂ ಇದೆ. ಈಗ ಅವಳು ಹೈಸ್ಕೂಲು. ಪುಸ್ತಕ ಎಲ್ಲಮ್ಮಾ ಅಂದರೆ, ‘ತಮ್ಮ ಓದ್ತಾ ಅವ್ನೆ ಅಣ್ಣ’ ಅನ್ನುತ್ತಾಳೆ.