ನಮ್ಮನೆ ರೌಟರ್ ಪುರಾಣ

ಮೊದಲೇ ಹೇಳಿಬಿಡುತ್ತೇನೆ, ನಾನು ಕಂಪ್ಯೂಟರ್ ಓದಿದವನಲ್ಲ. ಫೋರ್ಟ್‌ನ ಒಂದು ಆಫೀಸಿನಲ್ಲಿ ಲೆಕ್ಕ ಬರೆಯುವವನು. 1994ರಲ್ಲಿ ಕುಂದಾಪುರದಲ್ಲಿ ಬಸ್ ಹತ್ತಿ ಮುಂಬಯಿಗೆ ಬಂದೆ. ಎರಡು ವರ್ಷದ ಮಟ್ಟಿಗೆ ಅಂತ ಬಂದವನು ಡೊಂಬಿವಲಿಯಲ್ಲೇ ಬೇರು ಬಿಟ್ಟೆ. ಆದರೂ ಮನೆಯಲ್ಲಿ ನೆಟ್ ಹೋದರೆ ಎಲ್ಲರೂ ನನ್ನ ಮುಖ ನೋಡುತ್ತಾರೆ. ಟಿವಿ ಮೇಲಿನ ಆ ಎರಡು ಕೊಂಬಿನ ಡಬ್ಬದ ಪಾಸ್‌ವರ್ಡ್ ಗೊತ್ತಿರುವುದು ನನಗೊಬ್ಬನಿಗೇ. ಅಧಿಕಾರ ಅಂದರೆ ಅಷ್ಟೇ ತಾನೇ?

ಆ ಅಧಿಕಾರವನ್ನು ನಾನು ಚಲಾಯಿಸಿದ್ದು 2024ರ ಡಿಸೆಂಬರ್ 15ರ ಭಾನುವಾರ. ಮಗ ಹತ್ತನೇ ಕ್ಲಾಸು, ಜನವರಿಯಲ್ಲಿ ಪ್ರಿಲಿಮ್ಸ್. ಹಿಂದಿನ ರಾತ್ರಿ ಒಂದು ಗಂಟೆಗೆ ನೀರು ಕುಡಿಯಲು ಎದ್ದರೆ ಹೊದಿಕೆಯೊಳಗೆ ಬೆಳಕು. ಬೀಜಗಣಿತ ಅಂತೂ ಅಲ್ಲ, ಕ್ರಿಕೆಟ್ಟು. ಬೆಳಿಗ್ಗೆ ಎದ್ದವನೇ ಬ್ರೌಸರಿನಲ್ಲಿ 192.168.0.1 ಅಂತ ಹೊಡೆದು ರೌಟರಿನ ಒಳಗೆ ಹೋದೆ. ಪೇರೆಂಟಲ್ ಕಂಟ್ರೋಲ್ ಅಂತ ಒಂದು ಪುಟ ಇದೆ. ಯಾರಿಗೆ ಬಂದ್ ಮಾಡಬೇಕು ಅಂತ ಒಂದು ಪಟ್ಟಿಯಿಂದ ಆರಿಸಬೇಕು, ಏನನ್ನು ಬಂದ್ ಮಾಡಬೇಕು ಅಂತ ಕೆಳಗೆ ಬರೆಯಬೇಕು. ಪಟ್ಟಿಯಲ್ಲಿ ಏಳೆಂಟು ಉಪಕರಣಗಳಿದ್ದವು. ಹೆಚ್ಚಿನವಕ್ಕೆ ಹೆಸರೇ ಇಲ್ಲ, ಬರೀ ಅಂಕೆ, ಅಕ್ಷರ. ಒಂದರ ಮುಂದೆ ಮಾತ್ರ ಮಗನ ಹೆಸರು ಲಕ್ಷಣವಾಗಿ ಇತ್ತು. ಯಾವಾಗಲೋ ನಾನೇ ಬರೆದದ್ದು. ಟಿಕ್ ಹಾಕಿದೆ, ಕೆಳಗೆ ಯೂಟ್ಯೂಬ್ ಅಂತ ಬರೆದೆ, ಸೇವ್ ಒತ್ತಿದೆ. ಹೆಂಡತಿಗೆ ಹೇಳಿದೆ, "ಇನ್ನು ನೋಡು." ಅವಳು ದೋಸೆ ಕಾವಲಿ ಮೇಲಿಂದ ಕಣ್ಣೆತ್ತಲಿಲ್ಲ.

ಮಗನೂ ಏನೂ ತಕರಾರು ಮಾಡಲಿಲ್ಲ. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಈಗ ಅಪ್ಪಯ್ಯನ ವಿಷಯ. ಅಮ್ಮ ಹೋದ ಮೇಲೆ, 2019ರಲ್ಲಿ, ಊರಿನ ಮನೆಗೆ ಬೀಗ ಹಾಕಿ ಅವರನ್ನು ಇಲ್ಲಿಗೆ ಕರೆದುಕೊಂಡು ಬಂದೆವು. ಎಂಬತ್ತು ದಾಟಿದೆ. ಹಿಂದಿ, ಮರಾಠಿ ಎರಡೂ ಬರುವುದಿಲ್ಲ. ಲಿಫ್ಟಿನಲ್ಲಿ ಸಿಕ್ಕಿದವರಿಗೆಲ್ಲ ಕೈ ಮುಗಿಯುತ್ತಾರೆ, ಅಲ್ಲಿಗೆ ಮಾತು ಮುಗಿಯಿತು. ಅವರ ನಿಜವಾದ ದಿನ ಶುರುವಾಗುವುದು ಊಟ ಮುಗಿಸಿ, ಮಧ್ಯಾಹ್ನ ಎರಡೂವರೆಗೆ. ಹಿಂದಿನ ರೂಮಿನಲ್ಲಿ ಟ್ಯಾಬ್ ಅನ್ನು ದಿಂಬಿಗೆ ಒರಗಿಸಿ ಯಕ್ಷಗಾನ ಹಾಕುತ್ತಾರೆ. ಅದರಲ್ಲೂ ಗುಂಡ್ಮಿ ಕಾಳಿಂಗ ನಾವಡರ ಹಳೇ ಕ್ಯಾಸೆಟ್ಟುಗಳ ರೆಕಾರ್ಡಿಂಗ್ ಸಿಕ್ಕಿದರೆ ಮುಗಿಯಿತು. ನಾವಡರು 1990ರಲ್ಲಿ ಅಪಘಾತದಲ್ಲಿ ತೀರಿಕೊಂಡಾಗ ಅಪ್ಪಯ್ಯ ಎರಡು ದಿನ ಸರಿಯಾಗಿ ಊಟ ಮಾಡಿರಲಿಲ್ಲ. ಗದ್ದೆಯಲ್ಲಿ ಚಾಪೆ ಹಾಸಿ ಕೂತು ಬೆಳಗಿನ ತನಕ ಅವರ ಪದ ಕೇಳಿದ ಮನುಷ್ಯ. ಈಗ ಆರನೇ ಮಹಡಿಯಲ್ಲಿ ಕೂತು ಅದೇ ಸ್ವರ ಕೇಳುತ್ತಾರೆ, ಸಣ್ಣಕ್ಕೆ ತೊಡೆ ತಟ್ಟುತ್ತಾ. ಚಂಡೆ ಸ್ವಲ್ಪ ಜೋರಾದಾಗ ಒಮ್ಮೆ ನಾನೇ ಹೇಳಿದ್ದುಂಟು, "ಅಪ್ಪಯ್ಯ, ಸ್ವಲ್ಪ ಮೆಲ್ಲ ಇಡಿ, ಪಕ್ಕದವರು ಏನಾದರೂ ಹೇಳ್ತಾರೆ" ಅಂತ.

ಜನವರಿ 7, ಮಂಗಳವಾರ. ನನಗೆ ಜ್ವರ, ರಜೆ ಹಾಕಿ ಮಲಗಿದ್ದೆ. ಮೂರು ಗಂಟೆಗೆ ಎಚ್ಚರವಾಯಿತು. ಮನೆ ನಿಶ್ಶಬ್ದ. ಚಂಡೆ ಇಲ್ಲ, ಮದ್ದಳೆ ಇಲ್ಲ. ಎದ್ದು ನೋಡಿದರೆ ಅಪ್ಪಯ್ಯ ಗ್ಯಾಲರಿಯಲ್ಲಿ ಕುರ್ಚಿ ಹಾಕಿಕೊಂಡು ಕೆಳಗೆ ಬಂದ ನೀರಿನ ಟ್ಯಾಂಕರ್ ನೋಡುತ್ತಾ ಕೂತಿದ್ದಾರೆ.

"ಆಟ ಹಾಕ್ಲಿಲ್ವಾ ಅಪ್ಪಯ್ಯ?"

"ಅದ್ ಈಗ ಬತ್ತಿಲ್ಲ."

"ಯಾವಾಗಿಂದ?"

"ಆಯ್ತ್, ಸುಮಾರ್ ದಿನ ಆಯ್ತ್. ಹೋಯ್ಲಿ ಬಿಡ್."

ಜ್ವರ ಮರೆತು ಟ್ಯಾಬ್ ಎತ್ತಿಕೊಂಡೆ. ನಿಜ, ಯೂಟ್ಯೂಬ್ ತೆರೆಯುತ್ತಿಲ್ಲ. ಸುತ್ತಿ ಸುತ್ತಿ ಕೊನೆಗೆ ಸಂಪರ್ಕ ಇಲ್ಲ ಅನ್ನುತ್ತದೆ. ಕನ್ನಡ ಪೇಪರಿನ ಸೈಟು ಮಾತ್ರ ಚೆನ್ನಾಗಿ ಬರುತ್ತಿದೆ. ಅಂದರೆ ನೆಟ್ ಇದೆ. ಬ್ಲಾಕ್ ಮಾಡಿದ್ದು ನೆನಪಾಗದೆ ಇರುತ್ತದೆಯೇ? ಕೂಡಲೇ ನೆನಪಾಯಿತು. ಆದರೆ ಬ್ಲಾಕ್ ಮಾಡಿದ್ದು ಮಗನಿಗೆ, ಅಪ್ಪಯ್ಯನಿಗಲ್ಲವಲ್ಲ! ರೌಟರ್ ತೆರೆದು ನೋಡಿದೆ. ಹೌದು, ಪಟ್ಟಿಯಲ್ಲಿ ಮಗನ ಹೆಸರು ಒಂದೇ. ಅದನ್ನು ಪಕ್ಕಕ್ಕಿಟ್ಟೆ. ಅದೇ ತಪ್ಪಾಯಿತು. ಮುಂದಿನ ಎರಡು ಗಂಟೆ ವ್ಯರ್ಥ.

ಟ್ಯಾಬಿನಲ್ಲಿ ತಾರೀಕು ಸರಿ ಇದೆಯಾ ನೋಡಿದೆ (ತಾರೀಕು ತಪ್ಪಿದ್ದರೂ ಎಷ್ಟೋ ಸೈಟು ತೆರೆಯುವುದಿಲ್ಲ, ಇದು ಅನುಭವ). ಸರಿ ಇತ್ತು. ಆ್ಯಪಿನ ಕ್ಯಾಶ್ ಅಳಿಸಿದೆ. ಟ್ಯಾಬಿನಲ್ಲಿದ್ದದ್ದು ಆಂಡ್ರಾಯ್ಡ್ 9, ಹಳೇದಾಯಿತು ಅಂತ ಆ್ಯಪೇ ಕೈ ಬಿಟ್ಟಿತೇನೋ ಅಂತ ಬ್ರೌಸರಿನಲ್ಲಿ ತೆರೆದೆ. ಅಲ್ಲೂ ಇಲ್ಲ. ಕೇಬಲಿನವನಿಗೆ ಫೋನ್ ಮಾಡಿದೆ. "ಸರ್, ಏಕ್ ಬಾರ್ ಬಂದ್ ಕರ್ಕೆ ಚಾಲೂ ಕರೋ" ಅಂದ. ಭೂಕಂಪ ಆದರೂ ಅವನು ಹೇಳುವುದು ಇದನ್ನೇ. ಬಂದ್ ಮಾಡಿ ಚಾಲೂ ಮಾಡಿದೆ. ಉಹೂಂ.

ಆಮೇಲೆ ಒಂದು ಬುದ್ಧಿ ಬಂತು. ನನ್ನ ಮೊಬೈಲಿನ ಹಾಟ್‌ಸ್ಪಾಟ್ ಹಾಕಿ ಟ್ಯಾಬನ್ನು ಅದಕ್ಕೆ ಜೋಡಿಸಿದೆ. ತಕ್ಷಣ ಯೂಟ್ಯೂಬ್ ಬಂತು! ಹಾಗಾದರೆ ಟ್ಯಾಬ್ ಹಾಳಾಗಿಲ್ಲ, ಆ್ಯಪ್ ಹಾಳಾಗಿಲ್ಲ, ಕಳ್ಳ ಮನೆಯ ವೈಫೈನಲ್ಲೇ ಇದ್ದಾನೆ. ನಿಮ್ಮ ಮನೆಯಲ್ಲೂ ಇಂಥದ್ದಾದರೆ ಮೊದಲು ಇದನ್ನೇ ಮಾಡಿ, ನನ್ನ ಹಾಗೆ ಕೊನೆಗಲ್ಲ.

ಅಷ್ಟರಲ್ಲಿ ಮಗ ಟ್ಯೂಷನ್ನಿಂದ ಬಂದ. ಅವನ ಫೋನ್ ಕೇಳಿದೆ. ಕೊಡುವಾಗ ಮುಖ ಸ್ವಲ್ಪ ಸಣ್ಣದಾಯಿತು. ಮೊಬೈಲ್ ಡೇಟಾ ಆಫ್ ಮಾಡಿ, ಮನೆ ವೈಫೈ ಒಂದೇ ಇಟ್ಟು ಯೂಟ್ಯೂಬ್ ಒತ್ತಿದೆ. ಮಲ್ಲಿಗೆ ಹೂವಿನಂತೆ ಅರಳಿತು!

ಯಾರಿಗೆ ಬಂದ್ ಮಾಡಿದ್ದೇನೋ ಅವನಿಗೆ ಬರುತ್ತಿದೆ. ಯಾರಿಗೆ ಮಾಡಿಲ್ಲವೋ ಅವರಿಗೆ ಬಂದಾಗಿದೆ. ಒಂದೇ ಡಬ್ಬ, ಎರಡು ನ್ಯಾಯ.

ರೌಟರ್ ಮನುಷ್ಯರನ್ನು ಗುರುತಿಸುವುದಿಲ್ಲ ಸ್ವಾಮೀ. ಅದಕ್ಕೆ ಗೊತ್ತಿರುವುದು ಮ್ಯಾಕ್ ಅಡ್ರೆಸ್ ಒಂದೇ. ಪ್ರತಿಯೊಂದು ಉಪಕರಣಕ್ಕೂ ಹನ್ನೆರಡು ಅಂಕೆ-ಅಕ್ಷರಗಳ ಒಂದು ಗುರುತು ಇರುತ್ತದೆ. ಸೆಟ್ಟಿಂಗ್ಸಿನಲ್ಲಿ, ಅಬೌಟ್ ಅನ್ನುವಲ್ಲಿ ಸಿಗುತ್ತದೆ. ಕನ್ನಡಕ ಹಾಕಿಕೊಂಡು ಟ್ಯಾಬಿನ ಗುರುತನ್ನು ಹಾಲಿನ ಲೆಕ್ಕದ ಚೀಟಿ ಹಿಂದೆ ಬರೆದುಕೊಂಡೆ, ರೌಟರಿನ ಪಟ್ಟಿಗೆ ಹೋಲಿಸಿದೆ. ಮಗನ ಹೆಸರಿನ ಮುಂದೆ ಇದ್ದದ್ದು ಅದೇ ಹನ್ನೆರಡು.

ಆಗ ನೆನಪಾಯಿತು. ಆ ಟ್ಯಾಬ್ ಕೊಂಡದ್ದು 2020ರ ಲಾಕ್‌ಡೌನಿನಲ್ಲಿ, ಮಗನ ಆನ್‌ಲೈನ್ ಕ್ಲಾಸಿಗೆ. ರೌಟರಿನಲ್ಲಿ ಅವನ ಹೆಸರು ಬರೆದದ್ದೂ ಆಗಲೇ. ಶಾಲೆ ತೆರೆದ ಮೇಲೆ ಅದು ಕಪಾಟು ಸೇರಿತು, ಅಲ್ಲಿಂದ ಅಪ್ಪಯ್ಯನ ಕೈಗೆ ಹೋಯಿತು. ಟ್ಯಾಬಿನ ಯಜಮಾನ ಬದಲಾದ, ರೌಟರಿನಲ್ಲಿ ಹೆಸರು ಬದಲಾಗಲಿಲ್ಲ. ಮಗನಿಗೆ ಬೀಸಿದ ದೊಣ್ಣೆ ನೇರ ಅಪ್ಪಯ್ಯನ ಬೆನ್ನಿಗೆ ಬಿದ್ದಿತ್ತು.

ಮಗನ ಫೋನ್ ಆ ಪಟ್ಟಿಯಲ್ಲಿ ಎಲ್ಲಿತ್ತು? ಹೆಸರಿಲ್ಲದವರ ಸಾಲಿನಲ್ಲಿ. ಅದೂ ವೇಷ ಕಟ್ಟಿಕೊಂಡು. ಆಂಡ್ರಾಯ್ಡ್ 10ರಿಂದ, ಅಂದರೆ 2019ರಿಂದ, ಐಫೋನ್‌ಗಳಲ್ಲಿ 2020ರಿಂದ, ಫೋನುಗಳು ವೈಫೈಗೆ ತಮ್ಮ ನಿಜವಾದ ಗುರುತು ಹೇಳುವುದಿಲ್ಲ. ಒಂದೊಂದು ವೈಫೈಗೂ ಒಂದೊಂದು ಸುಳ್ಳು ಗುರುತು ಕಟ್ಟಿಕೊಳ್ಳುತ್ತವೆ. ಮಾಲ್‌ನಲ್ಲಿ, ಸ್ಟೇಷನ್ನಿನಲ್ಲಿ ನಮ್ಮನ್ನು ಯಾರೂ ಹಿಂಬಾಲಿಸಬಾರದು ಅಂತ ಈ ಏರ್ಪಾಡು. ಒಳ್ಳೆಯದೇ. ಕಂಡುಹಿಡಿಯುವುದೂ ಸುಲಭ: ಗುರುತಿನ ಎರಡನೇ ಅಕ್ಷರ 2, 6, ಎ ಅಥವಾ ಇ ಆಗಿದ್ದರೆ ಅದು ವೇಷ. ಮನೆಯ ವೈಫೈಗೆ ಮಾತ್ರ ಆ ವೇಷ ಕಳಚುವಂತೆ ಫೋನಿನಲ್ಲೇ ಬದಲಿಸಬಹುದು. ಆದರೆ ಫೋನ್ ಇರುವುದು ಮಗನ ಕೈಯಲ್ಲಿ. ನಾನು ಬದಲಿಸಿದ್ದನ್ನು ಅವನು ಅರೆಕ್ಷಣದಲ್ಲಿ ವಾಪಸು ಬದಲಿಸುತ್ತಾನೆ.

ಟ್ಯಾಬಿನ ಮೇಲಿದ್ದ ನಿಯಮ ಅಳಿಸಿದೆ. ಆದರೂ ಬರಲಿಲ್ಲ! ತಲೆ ಕೆಟ್ಟಿತು. ಯೂಟ್ಯೂಬ್ ಅಂತ ಹೆಸರು ಕೊಟ್ಟರೆ ಅದರ ನಂಬರ್ ಹುಡುಕಿ ಕೊಡುವ ಡಿಎನ್‌ಎಸ್ ಅಂತ ಒಂದಿದೆ, ನಮ್ಮ ಹಳೇ ಟೆಲಿಫೋನ್ ಡೈರೆಕ್ಟರಿಯಂತೆ. ರೌಟರ್ ಬ್ಲಾಕ್ ಮಾಡುವುದು ಅಂದರೆ ಆ ನಂಬರ್ ಕೇಳಿದಾಗ ಸುಳ್ಳು ನಂಬರ್ ಕೊಡುವುದು. ಆ ಸುಳ್ಳು ನಂಬರನ್ನು ಟ್ಯಾಬ್ ಇನ್ನೂ ನೆನಪಿಟ್ಟುಕೊಂಡಿತ್ತು. ಕೊನೆಗೆ ಕೇಬಲಿನವನ ಮಂತ್ರವೇ ಬೇಕಾಯಿತು. ಟ್ಯಾಬನ್ನು ಬಂದ್ ಮಾಡಿ ಚಾಲೂ ಮಾಡಿದೆ, ಬಂತು.

ಮಗನನ್ನು ಅಡುಗೆಮನೆಗೆ ಕರೆದೆ.

"ನಿಂದು ಓಪನ್ ಆಗ್ತಾ ಇತ್ತಲ್ಲ, ಯಾಕೆ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ಲ."

"ಅಜ್ಜಯ್ಯಂದು ಬಂದಾಗಿದ್ದು ಗೊತ್ತಿತ್ತಾ?"

ಸುಮ್ಮನೆ ನಿಂತ. ಆಮೇಲೆ, "ಅಜ್ಜಯ್ಯ ಒಂದ್ಸಲ ಕೇಳಿದ್ರು. ಅಪ್ಪ ಬಂದ್ ಮಾಡಿದ್ದಾರೆ ಅಂದೆ."

"ಏನಂದ್ರು?"

"ಏನಿಲ್ಲ. ಟ್ಯಾಬ್ ಚಾರ್ಜಿಗೆ ಹಾಕು ಅಂದ್ರು. ದಿನಾ ಹಾಕ್ಸಿಕೊಳ್ತಾರೆ."

ಇಪ್ಪತ್ತಮೂರು ದಿನ. ಈ ಇಪ್ಪತ್ತಮೂರು ದಿನ ನಾನು ದಿನವೂ ರಾತ್ರಿ ಎಂಟೂವರೆಗೆ ಬಂದು, ಅವರ ಎದುರೇ ಕೂತು ಊಟ ಮಾಡಿ, "ಊಟ ಆಯ್ತಾ, ಗುಳಿಗೆ ತಗೊಂಡ್ರಾ" ಅಂತ ಕೇಳಿದ್ದೇನೆ.

ಅಪ್ಪಯ್ಯನಿಗೆ ವಿವರಿಸಲು ಹೋದೆ. ಮ್ಯಾಕ್ ಅಡ್ರೆಸ್ಸು, ಹೆಸರು ಬದಲಾಗದ್ದು, ಎಲ್ಲ. ಶಾಂತವಾಗಿ ಕೇಳಿದರು.

"ಹಾಂಗಾರೆ ನೀ ಬಂದ್ ಮಾಡಿದ್ದಲ್ಲ?"

"ಮಾಡಿದ್ದು ನಾನೇ. ನಿಮಗಲ್ಲ ಅಪ್ಪಯ್ಯ, ಅವನಿಗೆ."

"ನಾ ಸದ್ದ್ ಜಾಸ್ತಿ ಇಡ್ತಿದ್ನೇನೋ ಅಂದ್ಕಂಡೆ."

ನನಗೆ ಮಾತು ಹೊರಡಲಿಲ್ಲ. ಅವರೇ ಮಾತು ತಿರುಗಿಸಿದರು. ರೇಡಿಯೋದ ಸೆಲ್ ನೆನಪಿದೆಯಾ ಅಂತ ಕೇಳಿದರು. ನೆನಪಿಲ್ಲದೆ? 1987ರ ವಿಶ್ವಕಪ್ಪು, ನಾನು ಎಸ್ಸೆಸ್ಸೆಲ್ಸಿ. ನವೆಂಬರ್ 5ರಂದು ವಾಂಖೆಡೆಯಲ್ಲಿ ಇಂಗ್ಲೆಂಡಿನ ಮೇಲೆ ಸೆಮಿಫೈನಲ್. ಅದರ ಮುಂಚಿನ ವಾರವೇ ಅಪ್ಪಯ್ಯ ರೇಡಿಯೋದ ಸೆಲ್ ತೆಗೆದು ಅಕ್ಕಿ ಡಬ್ಬದಲ್ಲಿ ಹುಗಿದಿಟ್ಟಿದ್ದರು. ಗೂಚ್ ಸ್ವೀಪ್ ಹೊಡೆದು ಹೊಡೆದು ನಮ್ಮನ್ನು ಸೋಲಿಸಿದ್ದನ್ನು ನಾನು ಪಕ್ಕದ ಮನೆಯ ಜಗಲಿಯಲ್ಲಿ ನಿಂತು ಕೇಳಿದೆ. ನನ್ನ ಕಾಮೆಂಟರಿ ನಿಲ್ಲಲಿಲ್ಲ. ನಿಂತದ್ದು ಅಮ್ಮನ ಮಂಗಳೂರು ಆಕಾಶವಾಣಿ. ಮಾರ್ಚಿನ ಪರೀಕ್ಷೆ ಮುಗಿಯುವ ತನಕ ಹಾಡಿಲ್ಲದೆ ಅಡುಗೆ ಮಾಡಿದಳು. ದಿನಾ ಅನ್ನಕ್ಕೆ ಅಕ್ಕಿ ತೆಗೆಯುತ್ತಿದ್ದವಳು ಅವಳೇ, ಸೆಲ್ ಎಲ್ಲಿದೆ ಅಂತ ಅವಳಿಗೆ ಗೊತ್ತಿರದೆ ಇರುತ್ತದೆಯೇ? ಇದು ನನಗೆ ಹೊಳೆದದ್ದೇ ಆ ದಿನ.

ಮಗನ ಫೋನಿನ ವಿಷಯ? ಅದರ ವೇಷದ ಗುರುತನ್ನೇ ಪಟ್ಟಿಗೆ ಸೇರಿಸಬಹುದಿತ್ತು, ಮನೆಯ ವೈಫೈಗೆ ಅದು ಸಾಮಾನ್ಯವಾಗಿ ಅದೇ ಇರುತ್ತದೆ. ಆದರೆ ಮೊಬೈಲ್ ಡೇಟಾಗೆ ನನ್ನ ರೌಟರಿನ ಹಂಗೇ ಇಲ್ಲ. ಜೊತೆಗೆ ಅವನ ಫಿಸಿಕ್ಸ್ ಪಾಠಗಳೂ ಯೂಟ್ಯೂಬಿನಲ್ಲೇ ಇವೆ. ಹೆಂಡತಿ ಒಂದು ಪರಿಹಾರ ಕೊಟ್ಟಳು: ರಾತ್ರಿ ಹತ್ತಕ್ಕೆ ಮನೆಯವರೆಲ್ಲರ ಫೋನೂ ಫ್ರಿಜ್ಜಿನ ಮೇಲೆ. ಎಲ್ಲರದ್ದೂ, ನನ್ನದೂ. ಮೊದಲ ವಾರ ಎರಡು ಸಲ ಸಿಕ್ಕಿಬಿದ್ದದ್ದು ಮಗನಲ್ಲ, ನಾನು.

ರೌಟರಿನಲ್ಲಿ ಟ್ಯಾಬಿನ ಹೆಸರು ಬದಲಿಸಿದೆ. ಅದು ಕನ್ನಡ ಅಕ್ಷರ ತೆಗೆದುಕೊಳ್ಳಲಿಲ್ಲ, ಇಂಗ್ಲಿಷಿನಲ್ಲೇ ಅಪ್ಪಯ್ಯ ಅಂತ ಬರೆದೆ.

ಮುಂದಿನ ಶನಿವಾರ ಮಧ್ಯಾಹ್ನ ಮನೆಯಲ್ಲಿದ್ದೆ. ಎರಡೂವರೆಗೆ ಹಿಂದಿನ ರೂಮಿನಿಂದ ನಾವಡರ ಸ್ವರ, ಇದೆಯೋ ಇಲ್ಲವೋ ಅನ್ನುವಷ್ಟು ಸಣ್ಣಕ್ಕೆ. ಹೋಗಿ ಸದ್ದು ಏರಿಸಿದೆ.

"ಮಾಣಿ ಓದ್ತಾ ಇತ್ತ್" ಅಂದರು ಅಪ್ಪಯ್ಯ.

"ಮಾಣಿ ಟ್ಯೂಷನ್ನಿಗೆ ಹೋಗಿದ್ದಾನೆ, ಅಪ್ಪಯ್ಯ. ಮನೇಲಿ ನಾವಿಬ್ಬರೇ."

ಬಾಗಿಲ ಕಡೆ ಒಮ್ಮೆ ನೋಡಿದರು. ಆಮೇಲೆ ಮೆಲ್ಲ ತೊಡೆ ತಟ್ಟತೊಡಗಿದರು.